ಲೇಔಟ್ ಫೈಲ್ ಇಲ್ಲದೆ ಕೋಡಿನಲ್ಲೇ ಮೊಬೈಲ್ ಆ್ಯಪ್‌ನ ಪರದೆ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದ ಕಡೆ ಸಣ್ಣ ತಂಡಗಳಲ್ಲಿ ಆ್ಯಪ್ ಬರೆಯುವವರೂ ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಕೈಹಾಕಿದ ವಿದ್ಯಾರ್ಥಿಗಳೂ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಉದಾಹರಣೆ ಬೇಕಾದ ಕಡೆಯಲ್ಲೆಲ್ಲ ಒಂದೇ ಕಾಲ್ಪನಿಕ ಆ್ಯಪ್ ಅನ್ನು ಹಿಡಿದುಕೊಂಡಿದ್ದೇನೆ: ಮಂಡ್ಯದ ಮಾರುಕಟ್ಟೆಯಲ್ಲಿ ಅಂದಂದಿನ ಬೆಲ್ಲದ ಧಾರಣೆಯನ್ನು ಆಲೆಮನೆಯವರಿಗೂ ಕಬ್ಬು ಬೆಳೆಗಾರರಿಗೂ ಕನ್ನಡದಲ್ಲಿ ತೋರಿಸುವ ಆ್ಯಪ್. ಅಚ್ಚು, ಕುರಿಕಾಟು, ಬಕೆಟ್ ಎಂಬ ಬೆಲ್ಲದ ಬಗೆಗಳು, ಪ್ರತಿಯೊಂದಕ್ಕೂ ಕನಿಷ್ಠ ಮತ್ತು ಗರಿಷ್ಠ ದರ, ಮೇಲೆ ತಾಲ್ಲೂಕನ್ನು ಆರಿಸುವ ಗುಂಡಿಗಳು. ಅದರ ಪರದೆಯಲ್ಲಿರುವುದು ಇಷ್ಟೇ.

ಲೇಔಟ್ ಫೈಲ್ ಇಲ್ಲದೆ ಪರದೆ ಕಟ್ಟುವುದು ಎಂದರೆ ನಿಖರವಾಗಿ ಏನು?

ಆಂಡ್ರಾಯ್ಡ್‌ನ ಹಳೆಯ ಪದ್ಧತಿಯಲ್ಲಿ ಪರದೆಯ ರೂಪವನ್ನು ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದಿಡುತ್ತೇವೆ. ಆ್ಯಪ್ ಕಟ್ಟುವಾಗ ಆ ಫೈಲು ಬೈನರಿ ರೂಪಕ್ಕೆ ಬದಲಾಗುತ್ತದೆ, ಆ್ಯಪ್ ಓಡುವಾಗ ಲೇಔಟ್ ಇನ್‌ಫ್ಲೇಟರ್ ಅದನ್ನು ಓದಿ ಒಂದೊಂದೇ ವ್ಯೂ ವಸ್ತುವನ್ನು (ಗುಂಡಿ, ಪಠ್ಯದಂಥ ಪರದೆಯ ಒಂದು ಭಾಗ) ಸೃಷ್ಟಿಸುತ್ತದೆ, ಆಮೇಲೆ ನಾವು ಗುರುತು ಸಂಖ್ಯೆ ಹಿಡಿದು ಆ ವ್ಯೂಗಳನ್ನು ಹುಡುಕಿ ಅವುಗಳಿಗೆ ದತ್ತಾಂಶ ತುಂಬುತ್ತೇವೆ. ಐಓಎಸ್‌ನಲ್ಲಿ ಇದೇ ಕೆಲಸವನ್ನು ಸ್ಟೋರಿಬೋರ್ಡ್ ಮತ್ತು ನಿಬ್ ಫೈಲುಗಳು ಮಾಡುತ್ತವೆ. ಲೇಔಟ್ ಫೈಲ್ ಬಿಡುವುದು ಎಂದರೆ ಈ ನಡುವಿನ ಕಡತವನ್ನೇ ತೆಗೆದುಹಾಕಿ, ಕಾಟ್ಲಿನ್, ಸ್ವಿಫ್ಟ್, ಡಾರ್ಟ್ ಅಥವಾ ಜಾವಾಸ್ಕ್ರಿಪ್ಟ್‌ನಂಥ ಭಾಷೆಯಲ್ಲಿಯೇ ಪರದೆಯನ್ನು ವಿವರಿಸುವುದು.

ಇದರಲ್ಲಿ ಎರಡು ಬಗೆಯಿದೆ. ಹಳೆಯ ವ್ಯೂಗಳನ್ನೇ ಕೋಡಿನಿಂದ ಸೃಷ್ಟಿಸಿ ಜೋಡಿಸುವುದು ಒಂದು. ದತ್ತಾಂಶ ಹೀಗಿದ್ದರೆ ಪರದೆ ಹೀಗಿರಬೇಕು ಎಂದು ಘೋಷಿಸಿ, ಬದಲಾವಣೆಯನ್ನು ಚೌಕಟ್ಟಿಗೇ (ಫ್ರೇಮ್‌ವರ್ಕ್) ಬಿಟ್ಟುಕೊಡುವುದು ಇನ್ನೊಂದು. ಇಂದು ಜನ ಕೇಳುವುದು ಬಹುಪಾಲು ಎರಡನೆಯದರ ಬಗ್ಗೆ, ಆದ್ದರಿಂದ ಮುಂದಿನ ಉತ್ತರಗಳು ಹೆಚ್ಚಾಗಿ ಅದರ ಸುತ್ತಲೇ ಇವೆ.

ಇದು ಹೊಸ ಪದ್ಧತಿಯೇ?

ಕೋಡಿನಿಂದ ವ್ಯೂ ಸೃಷ್ಟಿಸುವುದು ಎರಡೂ ವೇದಿಕೆಗಳಲ್ಲಿ ಮೊದಲಿನಿಂದಲೂ ಸಾಧ್ಯವಿತ್ತು. ಘೋಷಣಾ ಪದ್ಧತಿ ಮೊಬೈಲಿನಲ್ಲಿ ಬೇರೂರಿದ್ದು 2015ರಲ್ಲಿ ಜಾವಾಸ್ಕ್ರಿಪ್ಟ್‌ನ ಚೌಕಟ್ಟಾದ ರಿಯಾಕ್ಟ್ ನೇಟಿವ್ ಮುಕ್ತ ತಂತ್ರಾಂಶವಾಗಿ ಹೊರಬಂದ ಮೇಲೆ. ಡಾರ್ಟ್ ಭಾಷೆಯ ಫ್ಲಟರ್‌ನ ಮೊದಲ ಸ್ಥಿರ ಆವೃತ್ತಿ 2018ರ ಡಿಸೆಂಬರಿನಲ್ಲಿ ಬಂತು. 2019ರಲ್ಲಿ ಆ್ಯಪಲ್ ಐಓಎಸ್‌ಗೆ ಸ್ವಿಫ್ಟ್‌ಯುಐ ಅನ್ನೂ ಗೂಗಲ್ ಆಂಡ್ರಾಯ್ಡ್‌ಗೆ ಜೆಟ್‌ಪ್ಯಾಕ್ ಕಾಂಪೋಸ್ ಅನ್ನೂ ಪ್ರಕಟಿಸಿದವು; ಕಾಂಪೋಸ್ 2021ರ ಜುಲೈನಲ್ಲಿ ಸ್ಥಿರ ಆವೃತ್ತಿಗೆ ತಲುಪಿತು.

ಲೇಔಟ್ ಫೈಲು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತಲ್ಲ, ಬಿಡುವುದರಿಂದ ಸಿಗುವ ಲಾಭವೇನು?

ಕೆಲಸ ಮಾಡುತ್ತಿತ್ತು, ಈಗಲೂ ಮಾಡುತ್ತದೆ. ಆದರೆ ಒಂದೇ ಪರದೆಯ ಸತ್ಯ ಎರಡು ಕಡೆ ಹಂಚಿಹೋಗುವುದು ಅದರ ಮೂಲ ತೊಡಕು. ಬೆಲ್ಲದ ದರ ಇನ್ನೂ ಬಂದಿಲ್ಲದಿದ್ದರೆ ಪಟ್ಟಿಯನ್ನು ಮರೆಮಾಡಿ ಕಾಯುವ ಚಕ್ರ ತೋರಿಸಬೇಕು, ಜಾಲ ಸಂಪರ್ಕ ತಪ್ಪಿದ್ದರೆ ಎರಡನ್ನೂ ಮರೆಮಾಡಿ ಸಂದೇಶ ತೋರಿಸಬೇಕು, ದರ ಬಂದ ಮೇಲೆ ಸಂದೇಶವನ್ನು ತೆಗೆಯಬೇಕು. ಎಕ್ಸ್‌ಎಂಎಲ್ ಪದ್ಧತಿಯಲ್ಲಿ ಮೂರೂ ವ್ಯೂಗಳು ಫೈಲಿನಲ್ಲಿ ಯಾವಾಗಲೂ ಇರುತ್ತವೆ, ಯಾವುದು ಕಾಣಬೇಕು ಎಂಬುದು ಮಾತ್ರ ಕೋಡಿನ ನಾಲ್ಕಾರು ಮೂಲೆಗಳಲ್ಲಿ ಚದುರಿರುತ್ತದೆ. ಅವುಗಳಲ್ಲಿ ಒಂದು ಸಾಲು ಮರೆತರೂ ಕಾಯುವ ಚಕ್ರ ದರಪಟ್ಟಿಯ ಮೇಲೆಯೇ ತಿರುಗುತ್ತ ಉಳಿಯುತ್ತದೆ. ಕೋಡಿನಲ್ಲೇ ಬರೆದರೆ ಇದು ಮೂರು ಕವಲಿನ ಒಂದು ನಿರ್ಧಾರ: ಸ್ಥಿತಿ ಯಾವುದೋ ಅದಕ್ಕೆ ತಕ್ಕ ಪರದೆ. ಕಾಣಬಾರದ ಭಾಗ ಮರೆಯಾಗಿರುವುದಿಲ್ಲ, ಇರುವುದೇ ಇಲ್ಲ.

ಉಳಿದ ಲಾಭಗಳು ಇದರ ಬೆನ್ನಿಗೇ ಬರುತ್ತವೆ. ಹೆಸರು ತಪ್ಪಿದರೆ ಕಂಪೈಲರ್ ಹೇಳುತ್ತದೆ. ದರದ ಸಾಲೊಂದು ಸಾಮಾನ್ಯ ಫಂಕ್ಷನ್ ಆಗುವುದರಿಂದ ಅದನ್ನು ಮೂರು ಪರದೆಗಳಲ್ಲಿ ಬಳಸಲು ವಿಶೇಷ ಏರ್ಪಾಡು ಬೇಡ. ಇಬ್ಬರು ಒಂದೇ ಸ್ಟೋರಿಬೋರ್ಡ್ ತಿದ್ದಿ ಗಿಟ್‌ನಲ್ಲಿ ಒಟ್ಟುಗೂಡಿಸಲು ಹೋದಾಗ ಆಗುವ ಗೋಳಾಟ ಅನುಭವಿಸಿದವರಿಗೆ ಇದೊಂದೇ ಕಾರಣ ಸಾಕು.

ಎಳೆದು ಕೂರಿಸುವ ಸೌಲಭ್ಯ ಹೋದ ಮೇಲೆ ಪರದೆಯನ್ನು ನೋಡುತ್ತ ಬರೆಯುವುದು ಹೇಗೆ?

ಕಾಂಪೋಸ್‌ನಲ್ಲಿ ಫಂಕ್ಷನ್ನಿನ ಮೇಲೆ ಪ್ರಿವ್ಯೂ ಎಂಬ ಗುರುತು ಹಾಕಿದರೆ ಆಂಡ್ರಾಯ್ಡ್ ಸ್ಟುಡಿಯೋ ಅದನ್ನು ಪಕ್ಕದಲ್ಲೇ ಚಿತ್ರಿಸುತ್ತದೆ. ಎಕ್ಸ್‌ಕೋಡ್‌ನಲ್ಲಿ ಸ್ವಿಫ್ಟ್‌ಯುಐಗೂ ಇಂಥದೇ ಏರ್ಪಾಡಿದೆ. ಫ್ಲಟರ್‌ನ ಹಾಟ್ ರೀಲೋಡ್ ಓಡುತ್ತಿರುವ ಆ್ಯಪ್‌ನ ಸ್ಥಿತಿಯನ್ನು ಕಳೆಯದೆ ಬದಲಾವಣೆಯನ್ನು ತೋರಿಸುತ್ತದೆ. ನನ್ನ ಮಟ್ಟಿಗೆ ಕಾಂಪೋಸ್ ಪ್ರಿವ್ಯೂವಿನ ನಿಜವಾದ ಬೆಲೆ ಬೇರೆಯೇ ಇದೆ: ಒಂದೇ ಸಾಲನ್ನು ಕನ್ನಡ ಭಾಷೆಯಲ್ಲಿ, ಒಂದೂವರೆ ಪಟ್ಟು ದೊಡ್ಡ ಅಕ್ಷರದಲ್ಲಿ, ಕಪ್ಪು ಹಿನ್ನೆಲೆಯಲ್ಲಿ, ಚಿಕ್ಕ ಪರದೆಯಲ್ಲಿ ನಾಲ್ಕು ಪ್ರತಿಗಳಾಗಿ ಪಕ್ಕಪಕ್ಕ ನೋಡಬಹುದು. ನಾಲ್ಕು ಜಿಬಿ ಸ್ಮರಣೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇದು ತೆವಳುತ್ತದೆ. ಅಂಥವರು ಎಮ್ಯುಲೇಟರ್ ಬಿಟ್ಟು ಯುಎಸ್‌ಬಿಯಲ್ಲಿ ತಮ್ಮ ಫೋನನ್ನೇ ಜೋಡಿಸಿಕೊಳ್ಳುವುದು ಲೇಸು.

ಕಾಂಪೋಸ್, ಸ್ವಿಫ್ಟ್‌ಯುಐ, ಫ್ಲಟರ್, ರಿಯಾಕ್ಟ್ ನೇಟಿವ್: ಯಾವುದನ್ನು ಆರಿಸಬೇಕು?

ಬಳಕೆದಾರರೆಲ್ಲ ಆಂಡ್ರಾಯ್ಡ್‌ನಲ್ಲಿದ್ದರೆ ಕಾಂಪೋಸ್. ಬೆಲ್ಲದ ಧಾರಣೆಯ ಆ್ಯಪ್‌ಗೆ ನಾನು ಅದನ್ನೇ ಆರಿಸುತ್ತೇನೆ. ಎರಡೂ ವೇದಿಕೆ ಬೇಕು, ತಂಡ ಚಿಕ್ಕದು ಎಂದಾದರೆ ಫ್ಲಟರ್ ಸರಿಯಾದ ಆಯ್ಕೆ. ಆದರೆ ಅದು ಆಯಾ ವೇದಿಕೆಯ ಗುಂಡಿ, ಪಠ್ಯಪೆಟ್ಟಿಗೆಗಳನ್ನು ಬಳಸದೆ ಪ್ರತಿಯೊಂದನ್ನೂ ತಾನೇ ಚಿತ್ರಿಸುತ್ತದೆ ಎಂಬುದು ಗೊತ್ತಿರಲಿ. ರಿಯಾಕ್ಟ್ ನೇಟಿವ್ ವೇದಿಕೆಯ ನಿಜವಾದ ವ್ಯೂಗಳನ್ನೇ ಬಳಸುತ್ತದೆ, ವೆಬ್ ರಿಯಾಕ್ಟ್ ಬಲ್ಲವರಿಗೆ ಬೇಗ ಕೈಗೆ ಹತ್ತುತ್ತದೆ. ಐಫೋನ್ ಮಾತ್ರ ಗುರಿಯಾಗಿದ್ದರೆ ಸ್ವಿಫ್ಟ್‌ಯುಐ. ಅದಕ್ಕೆ ಐಓಎಸ್ 13 ಕನಿಷ್ಠ ಬೇಕು, ಹಿತವಾಗಿ ಬರೆಯಲು ಇನ್ನೂ ಮುಂದಿನ ಆವೃತ್ತಿ ಬೇಕು.

ಕಾಲೇಜಿನ ಲ್ಯಾಬ್‌ನಲ್ಲಿ ಜಾವಾ ಮತ್ತು ಎಕ್ಸ್‌ಎಂಎಲ್ ಮಾತ್ರ ಕಲಿತಿದ್ದೇನೆ. ಕಾಂಪೋಸ್ ಅನ್ನು ಜಾವಾದಲ್ಲಿ ಬರೆಯಬಹುದೇ?

ಇಲ್ಲ. ಕಾಂಪೋಸ್ ಕಾಟ್ಲಿನ್ ಕಂಪೈಲರಿನ ಪ್ಲಗಿನ್ ಮೇಲೆ ನಿಂತಿದೆ. ಆದರೆ ಜಾವಾ ಮತ್ತು ಕಾಟ್ಲಿನ್ ಕೋಡು ಒಂದೇ ಪ್ರಾಜೆಕ್ಟಿನಲ್ಲಿ ಒಟ್ಟಿಗೆ ಇರಬಹುದು, ಆದ್ದರಿಂದ ದತ್ತಾಂಶ ತರುವ ಜಾವಾ ಭಾಗವನ್ನು ಹಾಗೆಯೇ ಉಳಿಸಿಕೊಂಡು ಪರದೆಗಳನ್ನಷ್ಟೇ ಕಾಟ್ಲಿನ್‌ನಲ್ಲಿ ಬರೆಯಿರಿ. ಕಾಟ್ಲಿನ್ ಕಲಿಯುವಾಗ ಲ್ಯಾಂಬ್ಡಾ, ಹೆಸರಿಸಿದ ಆರ್ಗ್ಯುಮೆಂಟ್, ನಲ್ ಸುರಕ್ಷತೆ (ಬೆಲೆಯೇ ಇಲ್ಲದ ಸ್ಥಿತಿಯಿಂದ ಕಾಯುವುದು) ಇವು ಮೂರು ಸ್ಪಷ್ಟವಾದರೆ ಕಾಂಪೋಸ್ ಕೋಡು ಓದಲು ತೊಡಕಾಗದು.

ಒಂದು ಸಾಲನ್ನು ಕೋಡಿನಲ್ಲಿ ಕಟ್ಟುವುದು ಹೇಗಿರುತ್ತದೆ?

ಬೆಲ್ಲದ ಒಂದು ಬಗೆಗೆ ಒಂದು ಸಾಲು ಎಂದುಕೊಳ್ಳಿ. ಎಡಗಡೆ ಬಗೆಯ ಹೆಸರು, ಅದರ ಕೆಳಗೆ ಚಿಕ್ಕದಾಗಿ ತಾಲ್ಲೂಕು, ಬಲಗಡೆ ಕ್ವಿಂಟಾಲ್ ದರ. ಕಾಂಪೋಸ್‌ನಲ್ಲಿ ಅಡ್ಡಲಾಗಿ ಜೋಡಿಸಲು ರೋ, ಉದ್ದಕ್ಕೆ ಜೋಡಿಸಲು ಕಾಲಮ್, ಒಂದರ ಮೇಲೊಂದು ಇಡಲು ಬಾಕ್ಸ್ ಇವೆ. ಸ್ವಿಫ್ಟ್‌ಯುಐನಲ್ಲಿ ಇವೇ ಎಚ್‌ಸ್ಟ್ಯಾಕ್, ವಿಸ್ಟ್ಯಾಕ್, ಝಡ್‌ಸ್ಟ್ಯಾಕ್. ಫ್ಲಟರ್‌ನಲ್ಲಿ ರೋ, ಕಾಲಮ್, ಸ್ಟ್ಯಾಕ್. ರಿಯಾಕ್ಟ್ ನೇಟಿವ್‌ನಲ್ಲಿ ಫ್ಲೆಕ್ಸ್‌ಬಾಕ್ಸ್, ಆದರೆ ವೆಬ್ಬಿನಂತೆ ಅಡ್ಡಕ್ಕಲ್ಲ, ಬೇರೆ ಹೇಳದಿದ್ದರೆ ಉದ್ದಕ್ಕೆ. ನಮ್ಮ ಸಾಲು ಒಂದು ರೋ. ಅದರೊಳಗೆ ಒಂದು ಕಾಲಮ್ ಮತ್ತು ಒಂದು ಪಠ್ಯ.

ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ರೋ ತನ್ನ ಮಕ್ಕಳನ್ನು ಬರೆದ ಕ್ರಮದಲ್ಲಿ ಅಳೆಯುತ್ತದೆ. ಎಡಗಡೆಯ ಹೆಸರು ಉದ್ದವಾದರೆ ಇರುವ ಅಗಲವನ್ನೆಲ್ಲ ಅದೇ ನುಂಗಿ, ದರಕ್ಕೆ ಜಾಗವೇ ಉಳಿಯದೆ ಅಂಕಿಗಳು ಮುದುರಿಹೋಗುತ್ತವೆ. ಎಡಗಡೆಯ ಕಾಲಮ್‌ಗೆ ವೇಟ್ ಎಂಬ ಮಾಡಿಫೈಯರ್ (ಅಳತೆ, ಅಂತರ, ಬಣ್ಣದಂಥ ಗುಣವನ್ನು ಸೇರಿಸುವ ಸೂಚನೆ) ಕೊಟ್ಟರೆ ಕ್ರಮ ಬದಲಾಗುತ್ತದೆ: ವೇಟ್ ಇಲ್ಲದ ದರವನ್ನು ಮೊದಲು ಅಳೆದು, ಉಳಿದ ಅಗಲವನ್ನು ವೇಟ್ ಇರುವ ಹೆಸರಿಗೆ ಕೊಡಲಾಗುತ್ತದೆ. ಬೆಳೆಗಾರ ಆ್ಯಪ್ ತೆರೆಯುವುದೇ ದರ ನೋಡಲು, ಆದ್ದರಿಂದ ಹೆಸರು ಎರಡು ಸಾಲಿಗೆ ಮುರಿದರೂ ಚಿಂತೆಯಿಲ್ಲ, ದರ ಮುರಿಯಬಾರದು. ಯಾವುದಕ್ಕೆ ಮೊದಲ ಹಕ್ಕು ಎಂಬ ಇಂಥ ನಿರ್ಧಾರವೇ ಲೇಔಟ್ ಕೆಲಸದ ತಿರುಳು. ಅದನ್ನು ಕೋಡಿನ ಒಂದೇ ಪದದಲ್ಲಿ ಹೇಳಬಹುದು.

ಪ್ಯಾಡಿಂಗ್ (ಸುತ್ತ ಬಿಡುವ ಜಾಗ) ಮತ್ತು ಹಿನ್ನೆಲೆ ಬಣ್ಣ ಎರಡೂ ಕೊಟ್ಟರೂ ಬಣ್ಣ ಅಂಚಿನವರೆಗೆ ಬರುತ್ತಿಲ್ಲ. ಏಕೆ?

ಮಾಡಿಫೈಯರ್‌ಗಳ ಕ್ರಮಕ್ಕೆ ಅರ್ಥವಿದೆ. ಎಕ್ಸ್‌ಎಂಎಲ್‌ನಲ್ಲಿ ಗುಣಗಳನ್ನು ಯಾವ ಕ್ರಮದಲ್ಲಿ ಬರೆದರೂ ಫಲ ಒಂದೇ, ಕಾಂಪೋಸ್‌ನಲ್ಲಿ ಹಾಗಲ್ಲ. ಸರಣಿಯನ್ನು ಹೊರಗಿನಿಂದ ಒಳಕ್ಕೆ ಓದಬೇಕು. ಮೊದಲು ಪ್ಯಾಡಿಂಗ್, ಆಮೇಲೆ ಹಿನ್ನೆಲೆ ಎಂದು ಬರೆದರೆ ಮೊದಲು ಸುತ್ತ ಜಾಗ ಬಿಟ್ಟು, ಉಳಿದ ಒಳಭಾಗಕ್ಕೆ ಮಾತ್ರ ಬಣ್ಣ ಬಳಿಯಲಾಗುತ್ತದೆ. ಹಿನ್ನೆಲೆ ಮೊದಲು, ಪ್ಯಾಡಿಂಗ್ ಆಮೇಲೆ ಎಂದರೆ ಬಣ್ಣ ಪೂರ್ತಿ ಹರಡಿ ಪಠ್ಯ ಮಾತ್ರ ಒಳಸರಿಯುತ್ತದೆ. ಒತ್ತುವ ಜಾಗಕ್ಕೂ ಇದೇ ನಿಯಮ: ಕ್ಲಿಕ್ ಮಾಡಿಫೈಯರ್ ಅನ್ನು ಪ್ಯಾಡಿಂಗ್‌ಗಿಂತ ಮೊದಲು ಬರೆದರೆ ಇಡೀ ಸಾಲು ಒತ್ತಲು ಸಿಗುತ್ತದೆ, ನಂತರ ಬರೆದರೆ ಅಂಚಿನ ಜಾಗ ಸತ್ತ ಜಾಗವಾಗುತ್ತದೆ.

ಎರಡೂ ವೇದಿಕೆಗೆ ಬರೆಯುವವರು ಒಂದು ವಿಷಯ ನೆನಪಿಡಬೇಕು. ಸ್ವಿಫ್ಟ್‌ಯುಐನಲ್ಲಿಯೂ ಕ್ರಮಕ್ಕೆ ಅರ್ಥವಿದೆ, ಆದರೆ ದಿಕ್ಕು ತದ್ವಿರುದ್ಧ. ಅಲ್ಲಿ ಪ್ರತಿ ಮಾಡಿಫೈಯರ್ ತನಗಿಂತ ಮುಂಚೆ ಬರೆದದ್ದನ್ನೆಲ್ಲ ಹೊರಗಿನಿಂದ ಸುತ್ತುತ್ತದೆ, ಆದ್ದರಿಂದ ಮೊದಲು ಪ್ಯಾಡಿಂಗ್, ಆಮೇಲೆ ಹಿನ್ನೆಲೆ ಎಂದು ಬರೆದರೆ ಬಣ್ಣ ಪ್ಯಾಡಿಂಗನ್ನೂ ಮುಚ್ಚುತ್ತದೆ. ಒಂದೇ ಎರಡು ಪದ, ಒಂದೇ ಕ್ರಮ, ಎರಡು ವೇದಿಕೆಯಲ್ಲಿ ಎರಡು ಫಲ. ಕಾಂಪೋಸ್‌ನಿಂದ ಸ್ವಿಫ್ಟ್‌ಯುಐಗೆ ಕಣ್ಣುಮುಚ್ಚಿ ನಕಲು ಮಾಡಿದ ಪರದೆಗಳು ಎಲ್ಲೋ ಸ್ವಲ್ಪ ಸೊಟ್ಟಗೆ ಕಾಣುವುದಕ್ಕೆ ಇದು ದೊಡ್ಡ ಕಾರಣ.

ಕೆಲವೊಮ್ಮೆ ನಾನು ಕೊಟ್ಟ ಅಗಲ, ಎತ್ತರವನ್ನು ಚೌಕಟ್ಟು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಳತೆಯನ್ನು ತೀರ್ಮಾನಿಸುವವರು ಯಾರು?

ಕಾಂಪೋಸ್ ಮತ್ತು ಫ್ಲಟರ್‌ನಲ್ಲಿ ಪೋಷಕ ಭಾಗವು ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂಬ ಮಿತಿಯನ್ನು ಕೆಳಗೆ ಕಳಿಸುತ್ತದೆ, ಮಗು ಆ ಮಿತಿಯೊಳಗೆ ತನ್ನ ಅಳತೆಯನ್ನು ಆರಿಸಿ ಮೇಲೆ ತಿಳಿಸುತ್ತದೆ, ಎಲ್ಲಿ ಕೂರಿಸಬೇಕು ಎಂಬುದನ್ನು ಪೋಷಕ ತೀರ್ಮಾನಿಸುತ್ತದೆ. ನೀವು ಕೊಟ್ಟ ಅಗಲ ಪೋಷಕದ ಮಿತಿಯನ್ನು ಮೀರಿದರೆ ಮಿತಿಯೇ ಗೆಲ್ಲುತ್ತದೆ. ಸ್ವಿಫ್ಟ್‌ಯುಐನಲ್ಲಿ ಪೋಷಕ ಪ್ರಸ್ತಾಪ ಮಾತ್ರ ಮಾಡುತ್ತದೆ, ಕೊನೆಯ ಮಾತು ಮಗುವಿನದು.

ಕಾಂಪೋಸ್‌ನಲ್ಲಿ ಒಂದು ಸುತ್ತಿನಲ್ಲಿ ಪ್ರತಿ ಮಗುವನ್ನು ಒಂದೇ ಸಲ ಅಳೆಯಲು ಅವಕಾಶ. ಹಳೆಯ ವ್ಯೂ ಪದ್ಧತಿಯಲ್ಲಿ ರಿಲೇಟಿವ್ ಲೇಔಟ್‌ನಂಥವು ಮಕ್ಕಳನ್ನು ಎರಡೆರಡು ಸಲ ಅಳೆಯುತ್ತಿದ್ದುದರಿಂದ ಒಂದರೊಳಗೊಂದು ಹೆಣೆದಷ್ಟೂ ಕೆಲಸ ಗುಣಿಸುತ್ತ ಹೋಗುತ್ತಿತ್ತು. ಕಾಂಪೋಸ್‌ನಲ್ಲಿ ಆಳವಾಗಿ ಹೆಣೆಯುವ ಭಯ ಅಷ್ಟಿಲ್ಲ. ಆದರೆ ಉದ್ದಕ್ಕೆ ಸರಿಯುವ ಕಾಲಮ್‌ನೊಳಗೆ ಉದ್ದಕ್ಕೇ ಸರಿಯುವ ಲೇಜಿ ಕಾಲಮ್ (ಕಾಣುವ ಸಾಲುಗಳನ್ನು ಮಾತ್ರ ಕಟ್ಟುವ ಪಟ್ಟಿ) ಇಟ್ಟರೆ ಆ್ಯಪ್ ಕುಸಿಯುತ್ತದೆ, ಏಕೆಂದರೆ ಒಳಗಿನದಕ್ಕೆ ಎತ್ತರದ ಮಿತಿಯೇ ಸಿಗುವುದಿಲ್ಲ. ಫ್ಲಟರ್‌ನಲ್ಲಿಯೂ ಇದೇ ಕಾರಣಕ್ಕೆ ಇಂಥದೇ ದೋಷ ಬರುತ್ತದೆ. ತಲೆಬರಹವನ್ನೂ ತಾಲ್ಲೂಕಿನ ಗುಂಡಿಗಳನ್ನೂ ಅದೇ ಲೇಜಿ ಪಟ್ಟಿಯ ಮೊದಲ ಅಂಶಗಳಾಗಿಸುವುದು ಸರಿಯಾದ ದಾರಿ.

ಸ್ಥಿತಿಯನ್ನು ಎಲ್ಲಿ ಇಡಬೇಕು?

ದರದ ಸಾಲು ತಾನಾಗಿ ಏನನ್ನೂ ನೆನಪಿಟ್ಟುಕೊಳ್ಳಬಾರದು. ಹೆಸರು, ದರ, ಒತ್ತಿದಾಗ ಏನು ಮಾಡಬೇಕು ಎಂಬುದು ಹೊರಗಿನಿಂದ ಬರಲಿ. ಆಗ ಅದನ್ನು ಪ್ರಿವ್ಯೂನಲ್ಲಿಯೂ ಪರೀಕ್ಷೆಯಲ್ಲಿಯೂ ಸಲೀಸಾಗಿ ಬಳಸಬಹುದು. ಆಯ್ದ ತಾಲ್ಲೂಕು, ಬಂದ ದರಪಟ್ಟಿ ಇವು ಪರದೆಯ ದತ್ತಾಂಶವನ್ನು ಹೊರಗಿಟ್ಟು ಕಾಯುವ ವ್ಯೂಮಾಡೆಲ್‌ನಲ್ಲಿರಲಿ. ಸಾಲು ಬಿಚ್ಚಿದೆಯೋ ಮುಚ್ಚಿದೆಯೋ ಎಂಬಂಥ ಕಿರು ವಿವರ ಮಾತ್ರ ಪರದೆಯೊಳಗೇ ಇರಬಹುದು. ಫೋನನ್ನು ಅಡ್ಡ ತಿರುಗಿಸಿದಾಗಲೂ ಅದು ಉಳಿಯಬೇಕೆಂದರೆ ಬರಿಯ ರಿಮೆಂಬರ್ ಸಾಲದು, ರಿಮೆಂಬರ್ ಸೇವಬಲ್ ಬೇಕು.

ಬಣ್ಣ, ಅಕ್ಷರದ ಗಾತ್ರ, ಅಂತರ ಇವನ್ನು ಎಲ್ಲಿ ಬರೆಯಬೇಕು?

ಒಂದೇ ಕಡೆ, ಹೆಸರಿಟ್ಟು ಬರೆಯಬೇಕು. ಎಕ್ಸ್‌ಎಂಎಲ್ ಪದ್ಧತಿಯಲ್ಲಿ ಬಣ್ಣಕ್ಕೊಂದು ಫೈಲು, ಅಳತೆಗೊಂದು ಫೈಲು, ಶೈಲಿಗೊಂದು ಫೈಲು ಎಂಬ ಬೇಲಿಯಾದರೂ ಇತ್ತು. ಕೋಡಿನಲ್ಲಿ ಆ ಬೇಲಿ ಇಲ್ಲ. ಕೈಗೆ ಬಂದ ಕಡೆ ಹದಿನಾರು, ಹದಿನಾಲ್ಕು, ಹದಿನೈದು ಎಂದು ಬರೆದುಕೊಂಡು ಹೋಗುವುದು ತೀರಾ ಸುಲಭ. ಎರಡು ತಿಂಗಳು ಕಳೆದ ಮೇಲೆ ಯಾವ ಪರದೆಯ ಅಂಚೂ ಇನ್ನೊಂದಕ್ಕೆ ಹೊಂದುವುದಿಲ್ಲ. ಲೇಔಟ್ ಫೈಲ್ ಬಿಟ್ಟವರು ಸೋಲುವುದು ಜೋಡಣೆಯಲ್ಲಲ್ಲ, ಈ ಶಿಸ್ತಿನಲ್ಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಂಪೋಸ್‌ನ ಮೆಟೀರಿಯಲ್ ಥೀಮ್‌ನಲ್ಲಿ ಬಣ್ಣ, ಅಕ್ಷರಶೈಲಿ, ಆಕಾರ ಎಂಬ ಮೂರು ಸಂಗ್ರಹಗಳಿವೆ. ಅಲ್ಲಿನ ಬಣ್ಣಗಳಿಗೆ ಹಸಿರು, ಕಂದು ಎಂಬ ಹೆಸರಿಲ್ಲ. ಪ್ರೈಮರಿ, ಸರ್ಫೇಸ್, ಅದರ ಮೇಲಿನ ಬರಹಕ್ಕೆ ಆನ್‌ಸರ್ಫೇಸ್ ಎಂದು ಪಾತ್ರದ ಹೆಸರಿದೆ. ನಮ್ಮ ಆ್ಯಪ್‌ಗೆ ದರ ಏರಿಕೆ ಮತ್ತು ಇಳಿಕೆಯ ಬಣ್ಣಗಳೂ ಬೇಕು. ಅವು ಮೆಟೀರಿಯಲ್‌ನಲ್ಲಿ ಇಲ್ಲ, ಆದ್ದರಿಂದ ಮೇಲಿನ ಭಾಗದ ಬೆಲೆಯನ್ನು ಒಳಗಿನ ಭಾಗಗಳಿಗೆಲ್ಲ ತಲುಪಿಸುವ ಕಾಂಪೋಸಿಷನ್ ಲೋಕಲ್ ಮೂಲಕ ನಮ್ಮದೇ ಸಂಗ್ರಹವನ್ನು ಥೀಮ್‌ನ ಜೊತೆ ಕೆಳಗೆ ಹರಿಸಬೇಕು. ಫ್ಲಟರ್‌ನಲ್ಲಿ ಈ ಕೆಲಸಕ್ಕೆ ಥೀಮ್ ಎಕ್ಸ್‌ಟೆನ್ಷನ್ ಇದೆ, ಸ್ವಿಫ್ಟ್‌ಯುಐನಲ್ಲಿ ಎನ್ವಿರಾನ್‌ಮೆಂಟ್ ಇದೆ. ರಿಯಾಕ್ಟ್ ನೇಟಿವ್‌ನಲ್ಲಿ ವೆಬ್ಬಿನ ಸಿಎಸ್‌ಎಸ್‌ನಂತೆ ಶೈಲಿ ಮೇಲಿನಿಂದ ಕೆಳಗೆ ತಾನಾಗಿ ಇಳಿಯುವುದಿಲ್ಲ, ಪಠ್ಯದೊಳಗಿನ ಪಠ್ಯಕ್ಕೆ ಮಾತ್ರ ಇಳಿಯುತ್ತದೆ. ಆದ್ದರಿಂದ ಅಲ್ಲಿ ನಿಮ್ಮದೇ ಪಠ್ಯ ಕಾಂಪೊನೆಂಟ್ ಒಂದನ್ನು ಕಟ್ಟಿ ಎಲ್ಲೆಡೆ ಅದನ್ನೇ ಬಳಸುವುದು ಉಚಿತ.

ಆಂಡ್ರಾಯ್ಡ್ 12ರಿಂದ ಈಚೆಗೆ ವಾಲ್‌ಪೇಪರಿನಿಂದ ಬಣ್ಣ ಹೆಕ್ಕಿಕೊಳ್ಳುವ ಡೈನಾಮಿಕ್ ಬಣ್ಣದ ಸೌಲಭ್ಯವಿದೆ. ಆಂಡ್ರಾಯ್ಡ್ ಸ್ಟುಡಿಯೋ ಕೊಡುವ ಆರಂಭಿಕ ಥೀಮ್‌ನಲ್ಲಿ ಅದು ಚಾಲೂ ಆಗಿರುತ್ತದೆ. ನೀವು ಆರಿಸಿದ ಬಣ್ಣ ನಿಮ್ಮ ಫೋನಿನಲ್ಲಿಯೇ ಕಾಣದಿದ್ದರೆ ಮೊದಲು ಅದನ್ನು ನೋಡಿ.

ಕನ್ನಡ ಬರಹದ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತಿವೆ. ಏನು ಮಾಡಬೇಕು?

ಇಂಗ್ಲಿಷಿಗೆಂದು ಅಳೆದ ಪೆಟ್ಟಿಗೆಯೊಳಗೆ ಕನ್ನಡವನ್ನು ತುರುಕಿದಾಗ ಆಗುವುದು ಇದೇ. ಲ್ಯಾಟಿನ್ ಅಕ್ಷರಗಳು ಗೆರೆಯ ಕೆಳಗೆ ಇಳಿಯುವುದು ಸ್ವಲ್ಪ. ಕನ್ನಡದಲ್ಲಿ ಒತ್ತಕ್ಷರ ಪೂರ್ತಿಯಾಗಿ ಕೆಳಗೆ ಕೂರುತ್ತದೆ, ಮೇಲೆ ಗುಣಿತದ ಚಿಹ್ನೆಗಳೂ ತಲೆಕಟ್ಟೂ ಜಾಗ ಕೇಳುತ್ತವೆ. ಪರೀಕ್ಷೆಗೆ ಹೊರಗೆ ಹುಡುಕಬೇಕಾಗಿಲ್ಲ, ನಮ್ಮ ತಾಲ್ಲೂಕುಗಳ ಹೆಸರೇ ಸಾಕು: ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ಮಳವಳ್ಳಿ, ಮದ್ದೂರು, ಮೈಸೂರು ಕಡೆಯವರಿಗೆ ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ. ಈ ಆರು ಹೆಸರು ಎಲ್ಲಿಯೂ ಕತ್ತರಿಸದೆ ಕಾಣುವ ಗುಂಡಿಯನ್ನು ಕಟ್ಟಿದರೆ ಉಳಿದ ಕನ್ನಡಕ್ಕೂ ಅದು ಸಾಲುತ್ತದೆ.

ಮೊದಲನೆಯದಾಗಿ, ಪಠ್ಯವಿರುವ ಯಾವ ಭಾಗಕ್ಕೂ ನಿಗದಿತ ಎತ್ತರ ಕೊಡಬೇಡಿ. ಕನಿಷ್ಠ ಎತ್ತರ ಕೊಟ್ಟು, ಬೆಳೆಯಲು ಬಿಡಿ. ಎರಡನೆಯದಾಗಿ, ಸಾಲಿನ ಎತ್ತರವನ್ನು ನೋಡಿ. ಮೆಟೀರಿಯಲ್ 3ರ ಸಾಮಾನ್ಯ ಬರಹದ ಶೈಲಿ 16 ಅಳತೆಯ ಅಕ್ಷರಕ್ಕೆ 24ರ ಸಾಲು ಕೊಡುತ್ತದೆ, ಅದು ಕನ್ನಡಕ್ಕೆ ಸಾಕು. ಆದರೆ ಅದರ ಅತಿ ದೊಡ್ಡ ಶೀರ್ಷಿಕೆಯ ಶೈಲಿ 57ರ ಅಕ್ಷರಕ್ಕೆ 64ರ ಸಾಲು ಮಾತ್ರ ಕೊಡುತ್ತದೆ; ಎರಡು ಸಾಲಿನ ಕನ್ನಡ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ತಗಲುತ್ತದೆ. ದೊಡ್ಡ ಶೈಲಿಗಳಿಗೂ ಅಕ್ಷರದ ಒಂದೂವರೆ ಪಟ್ಟು ಹತ್ತಿರದ ಸಾಲನ್ನು ನೀವೇ ಬರೆಯಿರಿ. ಮೂರನೆಯದು, ಅಕ್ಷರಗಳ ನಡುವಿನ ಅಂತರ. ಮೆಟೀರಿಯಲ್‌ನ ಹಲವು ಶೈಲಿಗಳಲ್ಲಿ ಲ್ಯಾಟಿನ್ ಲಿಪಿಗೆ ಹಿತವೆಂದು ಸ್ವಲ್ಪ ಅಂತರ ಸೇರಿಸಿದ್ದಾರೆ. ಕನ್ನಡದಲ್ಲಿ ಅದರಿಂದ ಪದ ಬಿಡಿಬಿಡಿಯಾಗಿ ಕಾಣುತ್ತದೆ, ಸೊನ್ನೆ ಮಾಡಿ. ಓರೆ ಅಕ್ಷರವನ್ನೂ ಬಳಸಬೇಡಿ. ಒತ್ತು ಕೊಡಲು ದಪ್ಪ ಅಕ್ಷರ ಅಥವಾ ಬಣ್ಣ ಸಾಕು.

ಫಾಂಟ್ ಬಗ್ಗೆ ಹೇಳುವುದಾದರೆ, ಆಂಡ್ರಾಯ್ಡ್‌ನಲ್ಲಿ ಕನ್ನಡಕ್ಕೆ ನೋಟೋ ಕುಟುಂಬದ ಫಾಂಟ್ ಮೊದಲೇ ಇರುತ್ತದೆ, ಐಫೋನಿನಲ್ಲಿ ಕನ್ನಡ ಸಂಗಮ್ ಇರುತ್ತದೆ. ನೀವು ಸೇರಿಸಿದ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲದಿದ್ದರೆ ವ್ಯವಸ್ಥೆಯ ಫಾಂಟ್ ಒಳಬಂದು, ಒಂದೇ ಸಾಲಿನಲ್ಲಿ ಅಂಕಿಗಳು ಒಂದು ಮುಖ, ಅಕ್ಷರಗಳು ಇನ್ನೊಂದು ಮುಖ ಹೊತ್ತು ನಿಲ್ಲುತ್ತವೆ. ಕನ್ನಡ ಮತ್ತು ಲ್ಯಾಟಿನ್ ಎರಡೂ ಇರುವ ಫಾಂಟ್ ಆರಿಸಿ, ಇಲ್ಲವೇ ವ್ಯವಸ್ಥೆಯ ಫಾಂಟ್‌ನಲ್ಲಿಯೇ ಉಳಿಯಿರಿ.

ತಾಲ್ಲೂಕಿನ ಗುಂಡಿಗಳನ್ನು ರೋ ಒಳಗೆ ಇಟ್ಟರೆ ಮೂರನೆಯದೇ ಪರದೆಯಾಚೆ ಹೋಗುತ್ತದೆ. ಜಾಗ ಮುಗಿದಾಗ ಮುಂದಿನ ಸಾಲಿಗೆ ಇಳಿಯುವ ಫ್ಲೋರೋ ಬಳಸಿ. ಫ್ಲಟರ್‌ನಲ್ಲಿ ಅದು ರ‍್ಯಾಪ್.

ಕನ್ನಡ ವಾಕ್ಯಗಳನ್ನು ಕೋಡಿನಲ್ಲಿಯೇ ಜೋಡಿಸಬಹುದೇ?

ಜೋಡಿಸಬೇಡಿ. ಊರಿನ ಹೆಸರಿಗೆ ‘ದಲ್ಲಿ’ ಅಂಟಿಸುವ ಕೋಡು ಮಂಡ್ಯದಲ್ಲಿ ಎಂದು ಸರಿಯಾಗಿ ತೋರಿಸಿ, ಮುಂದಿನ ಸಾಲಿಗೇ ಮದ್ದೂರುದಲ್ಲಿ, ಮಳವಳ್ಳಿದಲ್ಲಿ ಎಂದು ಎಡವುತ್ತದೆ. ವಿಭಕ್ತಿ ಬೇಡದಂತೆ ಪರದೆಯನ್ನೇ ವಿನ್ಯಾಸ ಮಾಡಿ: ಎಡಗಡೆ ತಾಲ್ಲೂಕು ಎಂಬ ಶೀರ್ಷಿಕೆ, ಬಲಗಡೆ ಹೆಸರು. ಲೇಔಟ್ ಫೈಲ್ ಬಿಟ್ಟರೂ ಸ್ಟ್ರಿಂಗ್ ಫೈಲನ್ನು ಬಿಡಬಾರದು. ವಾಕ್ಯಗಳು ಅಲ್ಲಿಯೇ ಇರಲಿ. ಬಹುವಚನದ ಸಂಪನ್ಮೂಲ ಬಳಸುವಾಗ ಕನ್ನಡದ ನಿಯಮದಲ್ಲಿ 0 ಮತ್ತು 1 ಎರಡೂ ಏಕವಚನದ ವರ್ಗಕ್ಕೆ ಸೇರುತ್ತವೆ ಎಂಬುದನ್ನು ಗಮನಿಸಿ. ಅಲ್ಲಿ ‘ಒಂದು ಚೀಲ’ ಎಂದು ಅಕ್ಷರದಲ್ಲಿ ಬರೆದಿಟ್ಟರೆ ಚೀಲವೇ ಇಲ್ಲದಾಗಲೂ ಆ್ಯಪ್ ಒಂದು ಚೀಲ ಎನ್ನುತ್ತದೆ. ಲಕ್ಷದ ಅಲ್ಪವಿರಾಮ ಸರಿಯಾದ ಜಾಗದಲ್ಲಿ ಬೀಳಬೇಕೆಂದರೆ ಅಂಕಿಗಳನ್ನು ಇಂಗ್ಲಿಷ್–ಭಾರತ ಲೊಕೇಲ್‌ನ (ಭಾಷೆ ಮತ್ತು ದೇಶದ ಹೊಂದಿಕೆ) ನಂಬರ್ ಫಾರ್ಮ್ಯಾಟ್ ಮೂಲಕ ಹಾಯಿಸಿ.

ಬಿಸಿಲಿನಲ್ಲಿ ನಿಂತು ನೋಡುವವರಿಗೆ, ದೊಡ್ಡ ಅಕ್ಷರ ಇಟ್ಟುಕೊಂಡ ಹಿರಿಯರಿಗೆ ವಿನ್ಯಾಸ ಹೇಗಿರಬೇಕು?

ಆಲೆಮನೆಯ ಅಂಗಳದಲ್ಲಿ ಮಧ್ಯಾಹ್ನ ನೋಡುವ ಪರದೆಗೆ ತಿಳಿಬೂದು ಬರಹ ಹೊಂದದು. ಸಾಮಾನ್ಯ ಬರಹಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1, ದೊಡ್ಡ ಬರಹಕ್ಕೆ 3ಕ್ಕೆ 1 ಎಂಬುದು ಎಲ್ಲರಿಗೂ ಓದಲು ಎಟುಕುವಂತಿರಬೇಕೆಂಬ ಡಬ್ಲ್ಯುಸಿಎಜಿ ಮಾರ್ಗಸೂಚಿಯಲ್ಲಿ ಬೆಳಕಿನ ವ್ಯತ್ಯಾಸದ ಅಳತೆ. ಹೊರಾಂಗಣದ ಆ್ಯಪ್‌ಗೆ ಇದಕ್ಕಿಂತ ಮೇಲೆಯೇ ಇರುವುದು ಕ್ಷೇಮ. ಒತ್ತುವ ಭಾಗ ಆಂಡ್ರಾಯ್ಡ್‌ನಲ್ಲಿ 48 ಡಿಪಿ (ಪರದೆಯ ಸಾಂದ್ರತೆಗೆ ಹೊಂದಿಕೊಳ್ಳುವ ಅಳತೆ), ಐಓಎಸ್‌ನಲ್ಲಿ 44 ಪಾಯಿಂಟ್‌ಗಿಂತ ಕಿರಿದಾಗಬಾರದು. ಏರಿಕೆ, ಇಳಿಕೆಯನ್ನು ಹಸಿರು, ಕೆಂಪು ಬಣ್ಣದಿಂದ ಮಾತ್ರ ಹೇಳದೆ ಬಾಣದ ಗುರುತನ್ನೂ ಇಡಿ, ಏಕೆಂದರೆ ಆ ಎರಡು ಬಣ್ಣಗಳ ವ್ಯತ್ಯಾಸ ತಿಳಿಯದವರಿದ್ದಾರೆ.

ಅಕ್ಷರದ ಗಾತ್ರವನ್ನು ಎಸ್‌ಪಿ ಅಳತೆಯಲ್ಲಿಯೇ ಕೊಡಿ. ಬಳಕೆದಾರ ಸೆಟ್ಟಿಂಗ್ಸ್‌ನಲ್ಲಿ ದೊಡ್ಡದು ಮಾಡಿದರೆ ಅದು ಹಿಗ್ಗುತ್ತದೆ. ಆಂಡ್ರಾಯ್ಡ್ 14ರಲ್ಲಿ ಶೇಕಡಾ 200ರವರೆಗೆ ಹಿಗ್ಗಿಸಬಹುದು, ಈಗಾಗಲೇ ದೊಡ್ಡದಿರುವ ಶೀರ್ಷಿಕೆ ಮಾತ್ರ ಚಿಕ್ಕ ಬರಹದಷ್ಟು ಪಟ್ಟಿನಲ್ಲಿ ಹಿಗ್ಗುವುದಿಲ್ಲ. ಲೇಔಟ್ ಕೆಡುತ್ತದೆಂದು ಹಿಗ್ಗುವಿಕೆಯನ್ನೇ ತಡೆಯುವವರಿದ್ದಾರೆ. ಅದು ಕನ್ನಡಕ ಹಾಕಿಕೊಂಡು ಬಂದವರ ಕನ್ನಡಕ ಕಿತ್ತುಕೊಂಡಂತೆ.

ಪಟ್ಟಿ ಸರಿಸುವಾಗ ತಡವರಿಸುತ್ತದೆ. ಕಾಂಪೋಸ್ ನಿಧಾನವೇ?

ಡೀಬಗ್ ಆವೃತ್ತಿಯಲ್ಲಿ ನೋಡಿ ತೀರ್ಪು ಕೊಡಬೇಡಿ; ಅದು ನಿಜಕ್ಕೂ ನಿಧಾನ. ರಿಲೀಸ್ ಆವೃತ್ತಿಯನ್ನು ಕೋಡನ್ನು ಕುಗ್ಗಿಸಿ ಚುರುಕುಗೊಳಿಸುವ ಆರ್8 ಸಾಧನದ ಜೊತೆ ಕಟ್ಟಿ, ಕಡಿಮೆ ಬೆಲೆಯ ಫೋನಿನಲ್ಲಿ ನೋಡಿ. ಅಲ್ಲಿಯೂ ತಡವರಿಸಿದರೆ, ಉದ್ದ ಪಟ್ಟಿಗೆ ಸಾದಾ ಕಾಲಮ್ ಬಳಸಿದ್ದೀರಾ ಎಂದು ಪರಿಶೀಲಿಸಿ. ಅದು ಕಾಣದ ಸಾಲುಗಳನ್ನೂ ಕಟ್ಟುತ್ತದೆ, ಲೇಜಿ ಕಾಲಮ್ ಕಾಣುವಷ್ಟನ್ನು ಮಾತ್ರ ಕಟ್ಟುತ್ತದೆ. ಪ್ರತಿ ಅಂಶಕ್ಕೂ ಬದಲಾಗದ ಕೀ ಕೊಡಿ, ಇಲ್ಲವಾದರೆ ಪಟ್ಟಿಯ ತಲೆಗೆ ಒಂದು ಹೊಸ ದರ ಸೇರಿದಾಗ ಕೆಳಗಿನವೆಲ್ಲ ಬದಲಾದವೆಂದು ಚೌಕಟ್ಟು ಭಾವಿಸುತ್ತದೆ. ವಿಂಗಡಣೆಯಂಥ ಕೆಲಸವನ್ನು ಪರದೆಯ ಫಂಕ್ಷನ್ನಿನೊಳಗೆ ಮಾಡಬೇಡಿ. ಆ ಫಂಕ್ಷನ್ ಎಷ್ಟು ಸಲ ಓಡುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿಲ್ಲ.

ಕಾಂಪೋಸ್ ಬೇಡ, ಹಳೆಯ ವ್ಯೂಗಳನ್ನೇ ಕೋಡಿನಲ್ಲಿ ಬರೆಯಬಹುದೇ?

ಬರೆಯಬಹುದು. ಆಂಡ್ರಾಯ್ಡ್‌ನಲ್ಲಿ ಎಕ್ಸ್‌ಎಂಎಲ್ ತಾನಾಗಿ ಮಾಡುತ್ತಿದ್ದ ಅಳತೆಯ ಪರಿವರ್ತನೆಯನ್ನು ನೀವೇ ಮಾಡಬೇಕು: ಡಿಪಿಯನ್ನು ಪರದೆಯ ಸಾಂದ್ರತೆಯಿಂದ ಗುಣಿಸದೆ ಬರೆದರೆ 16 ಎಂಬುದು 16 ಪಿಕ್ಸೆಲ್ ಆಗಿ, ಹೊಸ ಫೋನಿನಲ್ಲಿ ಕೂದಲೆಳೆಯಂತಾಗುತ್ತದೆ. ಪೋಷಕಕ್ಕೆ ತಕ್ಕ ಲೇಔಟ್ ಪ್ಯಾರಮ್ಸ್ (ಅಗಲ, ಎತ್ತರದ ಸೂಚನೆ) ಕೊಡುವುದನ್ನು ಮರೆಯಬೇಡಿ. ಐಓಎಸ್‌ನಲ್ಲಿ ಈ ದಾರಿ ಇಂದಿಗೂ ಗೌರವದ ದಾರಿಯೇ. 2015ರ ಐಓಎಸ್ 9ರಲ್ಲಿ ಬಂದ ಆ್ಯಂಕರ್ ಮತ್ತು ಸ್ಟ್ಯಾಕ್ ವ್ಯೂಗಳಿಂದ ಅದು ಓದಲು ಹಿತವಾಗಿದೆ. ಅಲ್ಲಿ ವ್ಯೂ ಮಾಯವಾದರೆ ಅಥವಾ ಕನ್‌ಸ್ಟ್ರೈಂಟ್‌ಗಳು (ವ್ಯೂಗಳ ಜಾಗ ಹೇಳುವ ನಿಯಮಗಳು) ಕಚ್ಚಾಡಿದರೆ, ಆಟೋ ರೀಸೈಸಿಂಗ್ ಮಾಸ್ಕನ್ನು ಕನ್‌ಸ್ಟ್ರೈಂಟ್‌ಗೆ ಬದಲಿಸುವ ಆ ಉದ್ದ ಹೆಸರಿನ ಗುಣವನ್ನು ಫಾಲ್ಸ್ ಮಾಡಿದ್ದೀರಾ ಎಂದು ಮೊದಲು ನೋಡಿ.

ನಮ್ಮ ಆ್ಯಪ್‌ನಲ್ಲಿ ಈಗಾಗಲೇ ಹತ್ತಾರು ಎಕ್ಸ್‌ಎಂಎಲ್ ಪರದೆಗಳಿವೆ. ಎಲ್ಲವನ್ನೂ ಮತ್ತೆ ಬರೆಯಬೇಕೇ?

ಬೇಡ. ಎಕ್ಸ್‌ಎಂಎಲ್ ಪರದೆಯೊಳಗೆ ಕಾಂಪೋಸ್ ವ್ಯೂ ಇಡಬಹುದು, ಕಾಂಪೋಸ್ ಪರದೆಯೊಳಗೆ ಆಂಡ್ರಾಯ್ಡ್ ವ್ಯೂ ಇಡಬಹುದು. ಸ್ವಿಫ್ಟ್‌ಯುಐಗೂ ಐಓಎಸ್‌ನ ಹಳೆಯ ಯುಐಕಿಟ್‌ಗೂ ನಡುವೆ ಇಂಥದೇ ಸೇತುವೆಗಳಿವೆ. ಹೊಸ ಪರದೆಗಳನ್ನು ಹೊಸ ಪದ್ಧತಿಯಲ್ಲಿ ಬರೆಯಿರಿ, ಹಳೆಯದನ್ನು ತಿದ್ದುವ ಸಂದರ್ಭ ಬಂದಾಗ ಮಾತ್ರ ಬದಲಿಸಿ. ಒಂದು ಎಚ್ಚರ: ಎರಡು ಪದ್ಧತಿ ಜೊತೆಗಿರುವಷ್ಟು ಕಾಲ ಬಣ್ಣ ಮತ್ತು ಶೈಲಿ ಎರಡು ಕಡೆ ಇರುತ್ತವೆ, ಬಣ್ಣಗಳನ್ನು ಎಕ್ಸ್‌ಎಂಎಲ್ ಸಂಪನ್ಮೂಲದಲ್ಲಿಯೇ ಇಟ್ಟು ಕಾಂಪೋಸ್ ಥೀಮ್ ಅಲ್ಲಿಂದಲೇ ಓದುವಂತೆ ಮಾಡಿದರೆ ಎರಡೂ ಹೊಂದಿಕೊಂಡಿರುತ್ತವೆ.

ಪೂರ್ತಿಯಾಗಿ ಎಕ್ಸ್‌ಎಂಎಲ್ ಇಲ್ಲದ ಆ್ಯಪ್ ಸಾಧ್ಯವೇ?

ಲೇಔಟ್ ಎಕ್ಸ್‌ಎಂಎಲ್ ಇಲ್ಲದಿರುವುದು ಸಾಧ್ಯ. ಮ್ಯಾನಿಫೆಸ್ಟ್, ಸ್ಟ್ರಿಂಗ್, ಆರಂಭದ ಕ್ಷಣದ ಕಿಟಕಿ ಬಣ್ಣ ಹೇಳುವ ಥೀಮ್ ಇವು ಉಳಿಯುತ್ತವೆ. ಮುಖಪುಟದ ವಿಜೆಟ್ ಆಂಡ್ರಾಯ್ಡ್‌ನಲ್ಲಿ ರಿಮೋಟ್ ವ್ಯೂ ಮೇಲೆ ನಿಂತಿದೆ. ಗ್ಲಾನ್ಸ್ ಗ್ರಂಥಾಲಯ ಬಳಸಿದರೆ ಅದನ್ನೂ ಕಾಂಪೋಸ್ ಶೈಲಿಯಲ್ಲಿ ಬರೆಯಬಹುದು. ಐಓಎಸ್‌ನಲ್ಲಿ 2020ರಿಂದ ಬಂದ ವಿಜೆಟ್‌ಕಿಟ್‌ಗೆ ಸ್ವಿಫ್ಟ್‌ಯುಐಯೇ ಬೇಕು. ಐಓಎಸ್ 14ರಿಂದ ಲಾಂಚ್ ಪರದೆಯನ್ನೂ ಸ್ಟೋರಿಬೋರ್ಡ್ ಇಲ್ಲದೆ ಇನ್ಫೋ ಪಿಲಿಸ್ಟ್‌ನಲ್ಲಿ ಹೇಳಬಹುದು.

ಪರದೆಯ ಕೋಡು ಒಂದರೊಳಗೊಂದು ಹೊಕ್ಕು ಓದಲಾರದಂತಾಗಿದೆ. ಎಲ್ಲಿ ಮುರಿಯಬೇಕು?

ಸಾಲುಗಳ ಲೆಕ್ಕ ನೋಡಿ ಮುರಿಯಬೇಡಿ. ನೋಡುವವರು ಹೆಸರಿಟ್ಟು ಕರೆಯಬಲ್ಲ ಭಾಗ ಯಾವುದೋ ಅದು ಒಂದು ಫಂಕ್ಷನ್: ದರದ ಸಾಲು, ತಾಲ್ಲೂಕಿನ ಗುಂಡಿಗಳು, ಸಂಪರ್ಕವಿಲ್ಲದ ಸಂದೇಶ. ಅಂಥ ಪ್ರತಿ ಫಂಕ್ಷನ್ ಹೊರಗಿನಿಂದ ಒಂದು ಮಾಡಿಫೈಯರ್ ತೆಗೆದುಕೊಂಡು ತನ್ನ ಅತ್ಯಂತ ಹೊರಗಿನ ಭಾಗಕ್ಕೆ ಮಾತ್ರ ಅದನ್ನು ಕೊಡಲಿ. ಸುತ್ತಲಿನ ಅಂತರವನ್ನು ಸಾಲು ತಾನೇ ಇಟ್ಟುಕೊಳ್ಳಬಾರದು, ಕರೆದವರು ಕೊಡಲಿ; ಆಗ ಅದೇ ಸಾಲು ಪಟ್ಟಿಯಲ್ಲಿಯೂ ವಿವರದ ಪರದೆಯಲ್ಲಿಯೂ ಸರಿಯಾಗಿ ಕೂರುತ್ತದೆ.

ಆಂಡ್ರಾಯ್ಡ್ 15ಕ್ಕೆ ಬದಲಿಸಿದ ಮೇಲೆ ಶೀರ್ಷಿಕೆ ಗಡಿಯಾರದ ಕೆಳಗೆ ಹೋಗಿದೆ. ಏಕೆ?

ಆ ಆವೃತ್ತಿಯನ್ನು ಗುರಿಯಾಗಿಸಿದ ಆ್ಯಪ್‌ಗಳು ಅದೇ ಆವೃತ್ತಿಯ ಫೋನಿನಲ್ಲಿ ಪರದೆಯ ಅಂಚಿನಿಂದ ಅಂಚಿಗೆ ಹರಡಲೇಬೇಕು. ಮೇಲಿನ ಸ್ಥಿತಿಪಟ್ಟಿ, ಕೆಳಗಿನ ಸಂಚಾರಪಟ್ಟಿಗಳ ಜಾಗವನ್ನು ನೀವೇ ಬಿಡಬೇಕು. ಪರದೆಯ ಹೊರ ಹಂದರವಾದ ಸ್ಕ್ಯಾಫೋಲ್ಡ್ ಕೊಡುವ ಪ್ಯಾಡಿಂಗನ್ನು ಒಳಗಿನ ಪಟ್ಟಿಗೆ ಕಂಟೆಂಟ್ ಪ್ಯಾಡಿಂಗ್ ಆಗಿ ಕೊಟ್ಟರೆ ಸಾಲುಗಳು ಸಂಚಾರಪಟ್ಟಿಯ ಅಡಿಯಲ್ಲಿ ಸರಾಗವಾಗಿ ಹಾಯುತ್ತವೆ, ಕೊನೆಯ ಸಾಲೂ ಮರೆಯಾಗುವುದಿಲ್ಲ. ಹುಡುಕುವ ಪೆಟ್ಟಿಗೆಯನ್ನು ಕೀಬೋರ್ಡ್ ಮುಚ್ಚುತ್ತಿದ್ದರೆ ಕೀಬೋರ್ಡಿನಷ್ಟು ಜಾಗ ಬಿಡುವ ಐಎಂಇ ಪ್ಯಾಡಿಂಗ್ ಸೇರಿಸಿ.